ಇಲ್ಲದ ಎಳೆಗೆ ಗಂಟು

ಫ್ಲೂ ಜ್ವರ ಎದೆಗಿಳಿದು ಯಲಗೂರಪ್ಪ ಇಚಲಕರಂಜಿಯ ಆಸ್ಪತ್ರೆ ಸೇರಿ ಆರು ದಿನವಾಗಿತ್ತು. ಏಳನೆಯ ಮುಂಜಾನೆ ಜ್ವರ ಬಿಟ್ಟಿತು, ಕೆಮ್ಮೂ ಇಳಿಯಿತು. ಚಹಾದ ಹೊತ್ತಿಗೆ ಅವನ ಎರಡೂ ಕೈ ಹೊದಿಕೆಯಿಂದ ಹೊರಬಂದು ಕೆಲಸಕ್ಕೆ ತೊಡಗಿದವು.

ಹೆಂಡತಿ ಮಲಕವ್ವ ನೋಡುತ್ತ ಕೂತಳು. ಅವನು ಗಾಳಿಯಲ್ಲಿ ಹರಿದ ಎಳೆ ಹುಡುಕಿ, ಬೆರಳಲ್ಲಿ ಹೊಸೆದು, ಗಂಟು ಹಾಕಿ, ಮುಂದಿನ ಎಳೆಗೆ ಹೋಗುತ್ತಿದ್ದ. ಮೂವತ್ತು ವರ್ಷ ಪಾವರಲೂಮ್ ಮಗ್ಗದ ಮುಂದೆ ನಿಂತ ಕೈ, ಒಂದು ಗಂಟೂ ತಪ್ಪಲಿಲ್ಲ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ಹೆಂಗಸಲ್ಲ ಅವಳು. ಆದರೆ ಆರು ದಿನ ಕಂಡ ದೇವರಿಗೆಲ್ಲ ಕೈಮುಗಿದವಳಿಗೆ ಹೋದ ಜೀವ ಬಂದಂತಾಯಿತು.

“ಕೈಗೆ ಕೆಲಸ ನೆನಪಾಗೇತಿ. ಇನ್ನ ಆರಾಮ ಆಗ್ತಾರ,” ಎಂದು ಪಕ್ಕದ ಹಾಸಿಗೆಯವರಿಗೆ ಹೇಳಿದಳು.

“ತುದಿ ಹಿಡಿ,” ಎಂದ ಯಲಗೂರಪ್ಪ, ಅವಳ ಕಡೆ ನೋಡದೆ. ಅವಳು ನಗುತ್ತಲೇ ಗಾಳಿ ಹಿಡಿದಳು.

“ಬಿಗಿ ಹಿಡಿ.”

ಬಿಗಿಯಾಗಿ ಹಿಡಿದಳು. ಆಗ ಬೆರಳ ನಡುವೆ ಏನೋ ಸಣ್ಣಗೆ ಜಗ್ಗಿತು. ನಿದ್ದೆಗೆಟ್ಟ ಭ್ರಮೆ ಅಂದುಕೊಂಡಳು. ಆದರೂ ಕೈ ಬಿಡಲು ಧೈರ್ಯವಾಗಲಿಲ್ಲ.

ಮರುದಿನ ರೌಂಡಿಗೆ ಬಂದ ಡಾಕ್ಟರ್ ಸೋನಲ ಗಡಿಭಾಗದ ಉದಗಾಂವದ ಹುಡುಗಿ, ಕನ್ನಡ ಬಲ್ಲವಳು. ಯಲಗೂರಪ್ಪನ ರೆಪ್ಪೆ ಎತ್ತಿ ನೋಡಿದರೆ ಕಣ್ಣೊಳಗೆಲ್ಲ ಅರಿಸಿನದ ಬಣ್ಣ. ಎರಡೂ ಕೈ ಮುಂದೆ ಚಾಚಲು ಹೇಳಿದಳು. ಚಾಚಿದ ಅಂಗೈಗಳು ತಾವಾಗಿಯೇ ಹಕ್ಕಿಯ ರೆಕ್ಕೆಯಂತೆ ಪಟಪಟ ಬಡಿದವು.

“ಯಾವಾಗಿಂದ ಕೈ ಹಿಂಗ ಆಡಸಾಕತ್ತಾರ, ಮಾವಶಿ?”

“ನಿನ್ನೆ ಮುಂಜಾನಿಂದ್ರಿ. ಮಗ್ಗದ ಕೆಲಸ ಮಾಡಾಕತ್ತಾರ.”

“ಅದು ಕೆಲಸ ಅಲ್ಲರಿ. ಫ್ಲೂ ಬರೇ ಎದಿ ಹಿಡದಿಲ್ಲ, ಲಿವರಿಗೂ ಪೆಟ್ಟು ಕೊಟ್ಟೇತಿ. ಲಿವರ್ ತೆಗೀಬೇಕಾದ ವಿಷ ತಲಿಗೆ ಏರೇತಿ. ಈಗಿಂದೀಗ ಕೊಲ್ಲಾಪುರಕ್ಕ ಒಯ್ಯಬೇಕು.”

“ಒಂದಿನಾ ಕುಡದವರಲ್ಲರಿ ಅವರು.”

“ಕುಡೀಬೇಕಂತೇನಿಲ್ಲ, ಮಾವಶಿ. ನಿನ್ನೇನ ಗೊತ್ತಾಗಿದ್ರ ಚಲೋ ಇತ್ತು.”

ಮಲಕವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. ಇಡೀ ಒಂದು ಹಗಲು ಗಂಡ ಕೈಬಿಟ್ಟು ಹೋಗುತ್ತಿದ್ದ, ತಾನು ತುದಿ ಹಿಡಿದು ನಗುತ್ತ ಕೂತಿದ್ದಳು.

ಆಂಬುಲೆನ್ಸಿನಲ್ಲೂ ಅವನ ಬೆರಳು ಗಂಟು ಹಾಕುತ್ತಲೇ ಇದ್ದವು. ಹಾತಕಣಂಗಲೆ ದಾಟಿದ ಮೇಲೆ ಒಮ್ಮೆಲೇ ನಿಂತವು. ಪಾಳಿ ಮುಗಿಸಿದವನ ಸಮಾಧಾನದಿಂದ ಯಲಗೂರಪ್ಪ ಅಂಗೈ ಚಾಚಿದ.

“ಅರಿವಿ ಪೂರಾ ಆತು. ಕತ್ತರಿ ಕೊಡು.”

ಬಟ್ಟೆ ಕತ್ತರಿಸಿಕೊಟ್ಟರೆ ಅವನು ಹೊರಟೇ ಬಿಡುತ್ತಾನೆ ಎಂದು ಮಲಕವ್ವನಿಗೆ ಅನ್ನಿಸಿತು. ಬರಿಗೈಯನ್ನು ಅವನ ಕಣ್ಣಮುಂದೆ ಹಿಡಿದಳು.

“ಎಲ್ಲಿ ಪೂರಾ ಆಗೇತ್ರಿ? ಇಲ್ಲಿ ಎಳಿ ಹರದೈತಿ ನೋಡ್ರಿ. ಗಂಟ ಹಾಕ್ರಿ.”

ಅವನು ಬಹಳ ಹೊತ್ತು ನೋಡಿದ. ಆಮೇಲೆ ಹೆಬ್ಬೆರಳು ಮೆಲ್ಲಗೆ ಅಲುಗಿ ಹುಡುಕತೊಡಗಿತು.

ಕೊಲ್ಲಾಪುರ ಬರುವವರೆಗೂ, ಅವನು ಗಂಟು ಹಾಕಿದಂತೆಲ್ಲ, ಅವಳು ಒಂದೊಂದೇ ಎಳೆ ಹರಿಯುತ್ತ ಹೋದಳು.