ಮೂಕಪ್ಪನ ಎಳ್ಳು

ಗಂಡನ ಮುಷ್ಟಿಯಿಂದ ಕುಡುಗೋಲು ಬಿಡಿಸಿಕೊಂಡು ಸಾವಂತ್ರಮ್ಮ ಎದ್ದಳು. ನಸುಕಿನಲ್ಲಿ ಎಳ್ಳು ಕೊಯ್ಯಲು ಹೋದ ಮೂಕಪ್ಪ, ಒಂದು ಗಿಡಕ್ಕೂ ಕೈ ಹಾಕುವ ಮೊದಲೇ ಬದುವಿನ ಮೇಲೆ ಕುಸಿದು ಸತ್ತಿದ್ದ. ಹೆಣವನ್ನು ಆಗಷ್ಟೇ ಅಂಗಳಕ್ಕೆ ತಂದು ಮಲಗಿಸಿದ್ದರು. ಸೊಕ್ಕೆ ಊರಿನ ಜನಕ್ಕೆ ಇನ್ನೂ ನಂಬಿಕೆಯೇ ಬಂದಿರಲಿಲ್ಲ. ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತು ನಗಾಡಿದ ಆಳು!

"ಎಲ್ಲಿಗೆ ಹೊಂಟಿಯೇ?" ಮೂಕಪ್ಪನ ಅಕ್ಕ ಕರಿಯಕ್ಕ ಅಳು ನಿಲ್ಲಿಸಿ ಕೇಳಿದಳು.

"ಹೊಲಕ್ಕೆ. ಮಗಳು ಹೊನ್ನಾಳಿಯಿಂದ ಬರಾಕೆ ಮಧ್ಯಾಹ್ನ ಆಗ್ತೈತೆ. ಅಷ್ಟೊತ್ತಿಗೆ ಕಾಯಿ ಬಾಯಿ ಬಿಡ್ತಾವೆ, ಅತ್ತಿಗೆಮ್ಮ."

"ಅಯ್ಯೋ ಶಿವನೇ! ಹೆಣ ಅಂಗಳದಾಗೈತೆ, ನಿಂಗೆ ಎಳ್ಳಿನ ಚಿಂತೆನಾ? ಕಲ್ಲು ಕಣೇ ನಿನ್ನೆದೆ!"

ಸಾವಂತ್ರಮ್ಮ ತಿರುಗಿ ನೋಡಲಿಲ್ಲ. ಕೂತವರೆಲ್ಲ ಬಾಯಿಮೇಲೆ ಕೈಯಿಟ್ಟುಕೊಂಡರು. ಇಟ್ಟುಕೊಳ್ಳಲಿ ಬಿಡಿ, ಬಾಯಿ ಅವರದು, ಕೈಯೂ ಅವರದೇ.

*

ಹೋದ ವರ್ಷ ಕೆರೆಬಿಳಚಿಯಲ್ಲಿ ಮೂಕಪ್ಪನ ದೊಡ್ಡಪ್ಪ ತೀರಿಕೊಂಡಿದ್ದ. ಗಂಡಹೆಂಡಿರು ದಿನಕರ್ಮ ಮುಗಿಸಿಕೊಂಡು ಬರುವಷ್ಟರಲ್ಲಿ ಕಾಯಿ ಒಡೆದು ಎಳ್ಳೆಲ್ಲ ನೆಲದ ಪಾಲಾಗಿತ್ತು. ಬಿತ್ತಿದ್ದೂ ತಡವಾಗಿದ್ದರಿಂದ ಉಳಿದ ಕಾಳೂ ಬಡಕಲು. ಎಳ್ಳಿನ ಹಟವೇ ಹಾಗೆ. ಹಸಿರಿರುವಾಗ ಕೊಯ್ದರೆ ಜೊಳ್ಳು, ತಡಮಾಡಿದರೆ ಕೈಗೆ ಬರೀ ಕಡ್ಡಿ.

"ಬರೋ ವರ್ಷ ಮೊದಲ್ನೇ ಮಳೆಗೇ ಬಿತ್ತಾನ. ಆಮ್ಯಾಕೆ ನಾನ್ ಸತ್ರೂ ಸೈ, ನೀನು ಮೊದ್ಲು ಎಳ್ಳು ಕೊಯ್ಯಿ," ಎಂದು ಮೂಕಪ್ಪ ನಕ್ಕಿದ್ದ.

"ಥೂ, ಬಿಡ್ತು ಅನ್ರೀ!" ಎಂದು ಸಾವಂತ್ರಮ್ಮ ಅವನ ಬೆನ್ನಿಗೆ ಗುದ್ದಿದ್ದಳು. ಅವನು ಅನ್ನಲಿಲ್ಲ.

*

ಬಿಸಿಲು ಚುರುಗುಟ್ಟುವ ಹೊತ್ತಿಗೆ ಕರಿಯಕ್ಕ, ಜುಟ್ಟು ಹಿಡಿದು ಎಳೆದು ತರುತ್ತೇನೆಂದು ಹೊಲಕ್ಕೆ ನುಗ್ಗಿದಳು. ಆ ತುಂಡು ಹೊಲ ಬೋಳಾಗಿತ್ತು. ಕೊಯ್ದು ಕಟ್ಟಿದ ಎಳ್ಳು ಸಿವುಡು ಸಿವುಡಾಗಿ ತಾಡಪಾಲಿನ ಮೇಲೆ ನೆಟ್ಟಗೆ ನಿಂತಿತ್ತು. ಕೊನೆಯ ಸಿವುಡನ್ನು ತಬ್ಬಿಕೊಂಡ ಸಾವಂತ್ರಮ್ಮ ಮಾತ್ರ ನಡುಹೊಲದಲ್ಲೇ ನಿಂತುಬಿಟ್ಟಿದ್ದಳು. ಉಸಿರು ಬಿಗಿಹಿಡಿದು ಮುಖ ಕೆಂಪೇರಿತ್ತು.

"ಏನಾಯ್ತೇ?"

"ಅಳು ಬರಾಕತ್ತೈತೆ ಅತ್ತಿಗೆಮ್ಮ. ಇವು ಬಾಯಿ ಬಿಟ್ಟಾವೆ. ಅಲುಗಾಡಿದ್ರೆ ಎಲ್ಲಾ ಉದುರ್ತಾವೆ."

ಕರಿಯಕ್ಕನ ಸಿಟ್ಟು ಜರ್ರನೆ ಇಳಿಯಿತು. ಹತ್ತಿರ ಬಂದು, ಮಲಗಿದ ಕೂಸನ್ನು ಎತ್ತಿಕೊಳ್ಳುವಂತೆ ಸಿವುಡನ್ನು ತನ್ನ ತೋಳಿಗೆ ತೆಗೆದುಕೊಂಡಳು.

"ಈಗ ಅಳವ್ವ."

ಸಾವಂತ್ರಮ್ಮ ನೆಲಕ್ಕೆ ಬಿದ್ದು ಗೋಳೋ ಎಂದಳು. ಕರಿಯಕ್ಕ ಕದಲಲಿಲ್ಲ. ತಮ್ಮನ ಬೆಳೆಯನ್ನು ಎದೆಗೊತ್ತಿಕೊಂಡು, ಕಣ್ಣೀರು ಗದ್ದಕ್ಕೆ ಇಳಿದರೂ ಒರೆಸಿಕೊಳ್ಳದೆ, ನೆಟ್ಟಗೆ ನಿಂತಿದ್ದಳು.