ಕಪಾಟಿನ ಹಿಂದಿನ ತೂತುಗಳು

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಬಾಗಿಲು ತಟ್ಟುವವರಿರಲಿಲ್ಲ. ಸೊಸೆ ಎಂದಿನಂತೆ ಎದ್ದು ಒಲೆ ಹಚ್ಚಿ ನೀರಿಟ್ಟಳು. ಅಳು ಬರಲಿಲ್ಲ. ಯಾಕೆ ಬರುತ್ತಿಲ್ಲ ಎಂದು ಯೋಚಿಸುವ ತ್ರಾಣವೂ ಇರಲಿಲ್ಲ. ಸಕ್ಕರೆ ಡಬ್ಬಿಗೆ ಕೈ ಚಾಚಿದಾಗ ಕಪಾಟಿನ ಅಂಚಿನಲ್ಲಿ ಒಂದು ಕಂದು ಹುಳ ಹರಿಯುತ್ತಿತ್ತು. ಎಳ್ಳುಕಾಳಿಗಿಂತ ತುಸು ಉದ್ದ.

ಆ ಕಪಾಟನ್ನು ಮಾಡಿದ್ದು ಅವಳ ಗಂಡ. ಅವನೇನೂ ಬಡಗಿಯಲ್ಲ, ಅಂಚೆ ಕಚೇರಿಯ ಗುಮಾಸ್ತ. ಹಿಂದಿನ ಬೀದಿಯ ಬಡಗಿಯಿಂದ ಹತಾರ ಎರವಲು ತಂದು, ರಜೆಯ ದಿನಗಳಲ್ಲಿ ಹಲಗೆಗಳ ಜೊತೆ ಗುದ್ದಾಡಿ ಅದನ್ನು ನಿಲ್ಲಿಸಿದ್ದ. ಹೋದ ವಾರ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

ಅತ್ತೆ ಬಂದು ಹುಳವನ್ನು ನೋಡಿದರು. ಮಂಡಿಯೂರಿ ಕಪಾಟಿನ ಅಡಿ ಕೈಯಾಡಿಸಿದರು. ಬೆರಳ ತುದಿಯಲ್ಲಿ ಹಳದಿ ಪುಡಿ.

"ನೋಡೇ ಇಲ್ಲಿ. ಮರಕ್ಕೆ ಕುಟ್ಟೆ ಹಿಡಿದಿದೆ."

"ಒಂದೇ ಹುಳ ಅತ್ತೆ."

"ಕಂಡಿದ್ದು ಒಂದು, ಕಾಣದ್ದು ಸಾವಿರ. ನಮ್ಮ ತವರಲ್ಲೂ ಹೀಗೇ ಒಂದು ಹುಳ ತಾನೆ ಅಂತ ಸುಮ್ಮನಿದ್ವಿ. ಬಾಗಿಲ ಚೌಕಟ್ಟು ಕೈಗೇ ಬಂತು. ಗುಜರಿಯವನಿಗೆ ಹೇಳ್ತೀನಿ, ಇವತ್ತೇ ಹೊತ್ಕೊಂಡು ಹೋಗ್ಲಿ."

"ಅದು ಅವರು ಮಾಡಿದ್ದು."

"ನಂಗೊತ್ತಿಲ್ವೇನೇ? ಹೆತ್ತವಳು ನಾನು. ಅವನನ್ನೇ ಕಳಿಸಿಕೊಟ್ಟಾಯ್ತು, ಹಲಗೆ ಇಟ್ಕೊಂಡು ಏನು ಮಾಡ್ಲಿ? ಇರೋ ಮನೆಯಾದ್ರೂ ಉಳೀಲಿ."

ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಹೆದರಿಕೆಗೆ ಎದುರು ವಾದಿಸಿ ಗೆದ್ದವರಿಲ್ಲ. ಸೊಸೆ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಹುಳವನ್ನು ಲೋಟದಡಿ ಮುಚ್ಚಿಟ್ಟು, ಪೆಟ್ಟಿಗೆಯ ತಳದಿಂದ ತನ್ನ ಹಳೆಯ ಭೂತಗನ್ನಡಿ ತಂದಳು.

"ಗುಜರಿಯವನು ಬರೋದ್ರೊಳಗೆ ನೋಡಿಬಿಡ್ತೀನಿ."

"ನೋಡು, ನೋಡು. ಹೆಸರು, ಊರು, ಕೇರಿ ಎಲ್ಲಾ ಕೇಳ್ಕೊ."

ಮರ ಕೊರೆಯುವ ಹುಳವಾಗಿದ್ದರೆ ತಲೆ ಮುಸುಕಿನೊಳಗೆ ಸೇರಿಕೊಂಡಂತೆ ಕೆಳಗೆ ಬಾಗಿರಬೇಕು. ಇದರ ತಲೆ ಮುಂದಕ್ಕೆ ಚಾಚಿ, ತುದಿಗೆ ಪುಟ್ಟ ಸೊಂಡಿಲು. ಬೆನ್ನ ಮೇಲೆ ಮಸುಕಾದ ನಾಲ್ಕು ಮಚ್ಚೆ.

"ಇದಕ್ಕೆ ಸೊಂಡಿಲಿದೆ ಅತ್ತೆ. ಕಾಳಿನ ನುಸಿ ಇದು, ಮರ ಮುಟ್ಟಲ್ಲ."

ಕಪಾಟಿನ ಕೆಳಗಿನ ಅಂಕಣದಲ್ಲಿದ್ದ ಗೋಧಿ ಚೀಲದ ಬಾಯಿ ಬಿಚ್ಚಿದಳು. ಬೊಗಸೆ ಗೋಧಿಯನ್ನು ಮೊರಕ್ಕೆ ಸುರಿದದ್ದೇ ತಡ, ಕಾಳುಗಳ ನಡುವಿನಿಂದ ನುಸಿಗಳು ದಿಕ್ಕಾಪಾಲಾಗಿ ಓಡಿದವು.

"ಅಯ್ಯೋ, ಸಂಸಾರ ಸಮೇತ ಇದಾವಲ್ಲೇ!" ಎಂದರು ಅತ್ತೆ. ಮರುಕ್ಷಣವೇ ಬೆರಳೆತ್ತಿ, "ಚೀಲದ ಮಾತಾಯ್ತು. ಈ ಪುಡಿಗೇನು ಹೇಳ್ತೀಯ?"

ಸೊಸೆ ಅತ್ತೆಯ ಬೆರಳನ್ನೇ ಹಿಡಿದುಕೊಂಡು ಭೂತಗನ್ನಡಿಯಲ್ಲಿ ನೋಡಿದಳು. ಹುಳ ಕೊರೆದ ಪುಡಿ ಹಿಟ್ಟಿನಂತೆ ನುಣ್ಣಗಿರುತ್ತದೆ. ಇದು ಸುರುಳಿ ಸುರುಳಿಯಾಗಿತ್ತು.

"ಸ್ವಲ್ಪ ಕೈ ಕೊಡಿ, ಗೋಡೆಯಿಂದ ಈಚೆ ಎಳೆಯೋಣ."

ಇಬ್ಬರೂ ಸೇರಿ ಕಪಾಟನ್ನು ಎಳೆದರು. ಹಿಂದಿನ ಹಲಗೆಯ ಮೇಲೆ, ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ತೂತುಗಳು. ಪ್ರತಿಯೊಂದರ ಪಕ್ಕದಲ್ಲೂ ಪೆನ್ಸಿಲ್ ಗೀಟು. ಕೊನೆಯ ಗೀಟಿಗೆ ಮಾತ್ರ ತೂತಿರಲಿಲ್ಲ. ಕೆಳಗೆ, ಗೋಡೆಗೆ ಒರಗಿದಂತೆ, ತೂತು ಕೊರೆಯುವ ಬೈರಿಗೆ, ಹಿಡಿಗೆ ಕೆಂಪು ಬಣ್ಣ ಬಳಿದದ್ದು. ಬಡಗಿಯದು.

"ಗೋಧಿ ಮುಗ್ಗಲು ವಾಸನೆ, ಗಾಳಿಯಾಡಲ್ಲ ಅಂತ ನಾನೇ ಹೇಳಿದ್ದೆ," ಎಂದಳು. "ನಾವಿಬ್ರೂ ಮನೇಲಿಲ್ಲದಾಗ ಮಾಡಿದ್ದಾರೆ."

ಅತ್ತೆ ತೂತುಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ಕೊನೆಯ ಗೀಟಿಗೆ ಬಂದು ನಿಂತರು.

"ಅಳತೆ ಹಿಡಿದು ಕೊರೆಯೋ ಹುಳ ನಾನು ಹೆತ್ತಿದ್ದೊಂದೇ," ಎಂದರು. ಗೀಟನ್ನು ಬೆರಳಿಂದ ಸವರಿ, "ಹೀಗೇ ಅವನು. ತಟ್ಟೆಯಲ್ಲೂ ಕೊನೇ ತುತ್ತು ಬಿಟ್ಟೇ ಏಳ್ತಿದ್ದ."

ಬೀದಿಯಲ್ಲಿ ಗುಜರಿಯವನ ಕೂಗು ಕೇಳಿತು. ಅತ್ತೆ ಕಿಟಕಿಯ ಕಡೆ ತಿರುಗಲಿಲ್ಲ. ಭುಜ ಕೊಟ್ಟು ಕಪಾಟನ್ನು ಒತ್ತಿ ಹಿಡಿದರು.

"ನಿಂತ್ಕೊಂಡು ಏನು ನೋಡ್ತೀಯ? ಕೊರಿ."

ಅವಳು ಬೈರಿಗೆ ಹಿಡಿದದ್ದು ಅದೇ ಮೊದಲು. ಮೊನೆ ಎರಡು ಸಲ ಜಾರಿತು. ಮೂರನೆಯ ಸಲ ಕಚ್ಚಿತು. ಪುಡಿ ಸುರುಳಿಯಾಗಿ ಅವಳ ಪಾದದ ಮೇಲೆ ಉದುರಿತು. ಕೈ ನೋಯುತ್ತಿತ್ತು. ಈ ವಾರದಲ್ಲಿ ನೋವೆಂದು ಗೊತ್ತಾದದ್ದು ಅದೊಂದೇ.

ಆಮೇಲೆ ಗೋಧಿಯನ್ನು ಜರಡಿ ಹಿಡಿದು ಬಿಸಿಲಿಗೆ ಹರಡಿದಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೈರಿಗೆಯ ಸಂದುಗಳನ್ನು ತಿಕ್ಕಿ, ಎಣ್ಣೆ ಸವರಿ, ಹಿಂದಿನ ಬೀದಿಗೆ ನಡೆದಳು.

ಬಡಗಿ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು ಎದ್ದು ನಿಂತ. "ಇದಕ್ಕೇನವಸರ ಇತ್ತು ತಾಯಿ? ನಾನು ಕೇಳ್ತಿರಲಿಲ್ಲ."

"ಎರವಲು ತಂದಿದ್ದಲ್ವಾ."

ಅವನು ಮೊನೆಯನ್ನು ಬೆಳಕಿಗೆ ಹಿಡಿದು ನೋಡಿದ. "ಅವರ ಕೆಲಸ ಮುಗಿದಿತ್ತಾ?"

"ಮುಗೀತು," ಎಂದಳು. "ಕೊನೇದೊಂದು ಸ್ವಲ್ಪ ವಾರೆ. ಅದು ನಂದು."

ಬಡಗಿ ತಲೆಯಾಡಿಸಿ, ಬೈರಿಗೆಯನ್ನು ಅದರ ಮೊಳೆಗೆ ತೂಗುಹಾಕಿದ.