ಬಡಿತ ತಪ್ಪಿಸುವ ಆಮೆ

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ನಾನು ಪ್ರಾಣಿಗಳ ಶರೀರಶಾಸ್ತ್ರಕ್ಕೆ ಒಂದು ಹೊಸ ಸತ್ಯವನ್ನು ಕೊಟ್ಟೆ. ಅದು ಬುಧವಾರ ಊಟದ ಹೊತ್ತಿನವರೆಗೆ ಬದುಕಿತ್ತು.

ನನ್ನ ಕೆಲಸ ಸರಳ. ಬೇರೆ ಬೇರೆ ಪ್ರಾಣಿಗಳ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ಅಳೆದು, ಆ ಅಂಕಿಗಳನ್ನು ಅವುಗಳ ತೂಕದ ಪಕ್ಕದಲ್ಲಿಟ್ಟು ನೋಡುವುದು. ಇಲಿಯದು ಆರುನೂರರ ಹತ್ತಿರ, ಮೊಲದ್ದು ಇನ್ನೂರರ ಆಸುಪಾಸು, ಕುದುರೆಯದು ನಲವತ್ತರೊಳಗೆ. ಮೈ ದೊಡ್ಡದಾದಷ್ಟೂ ಬಡಿತ ನಿಧಾನ. ಇದನ್ನು ಬೇರೆಯವರು ಎಂದೋ ಕಂಡುಹಿಡಿದಾಗಿದೆ. ಅವರು ಹೇಳಿದ್ದು ಸರಿ ಎಂದು ತೋರಿಸಿಕೊಂಡೇ ನಾನು ಇಷ್ಟು ವರ್ಷ ಸಂಬಳ ತೆಗೆದುಕೊಂಡಿದ್ದೇನೆ. ಆಮೆಯಂಥ ತಣ್ಣನೆಯ ಮೈಯ ಪ್ರಾಣಿಗಳ ಲೆಕ್ಕ ಬೇರೆ. ತಂಪು ಕೋಣೆಯಲ್ಲಿ ಅವುಗಳ ಬಡಿತ ಅಷ್ಟೇ ತೂಕದ ಮೊಲದ ಬಡಿತದ ಹತ್ತನೇ ಒಂದು ಪಾಲಿಗೆ ಇಳಿದಿರುತ್ತದೆ.

ನನ್ನ ಆಮೆಯ ಹೃದಯ ಎಂಬತ್ತೊಂದು ಸಲ ಬಡಿಯಿತು.

ಸಾಲದ್ದಕ್ಕೆ, ಆಗಾಗ ಒಂದು ಬಡಿತ ತಪ್ಪಿಸಿ ಮುಂದಿನದನ್ನು ಜೋರಾಗಿ ಬಡಿಯುತ್ತಿತ್ತು. ಇಂಥದ್ದನ್ನು ಯಾರೂ ಬರೆದಿರಲಿಲ್ಲ. ಮತ್ತೆ ಅಳೆದೆ: ಎಂಬತ್ತಮೂರು. ಮತ್ತೆ: ಎಂಬತ್ತು. ನನ್ನ ಅಂಕಿಗಳು ಒಂದಕ್ಕೊಂದು ಹೀಗೆ ಹೊಂದಿಕೊಂಡಿದ್ದು ಅದೇ ಮೊದಲು. ಸತ್ಯಕ್ಕೆ ಇನ್ನೇನು ಸಾಕ್ಷಿ ಬೇಕು ಅಂದುಕೊಂಡೆ.

ಅಳೆಯುವ ವಿಧಾನದ ಬಗ್ಗೆಯಂತೂ ನನಗೆ ವಿಪರೀತ ಹೆಮ್ಮೆ. ಹೆದರಿದ ಪ್ರಾಣಿಯ ಬಡಿತ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಮೊಲವನ್ನು ಟವೆಲಿನಲ್ಲಿ ಸುತ್ತುತ್ತೇವೆ, ಪಾರಿವಾಳವನ್ನು ಕತ್ತಲೆಯ ಪೆಟ್ಟಿಗೆಯಲ್ಲಿಡುತ್ತೇವೆ. ಆಮೆಯನ್ನು ಮೇಜಿನ ಮೇಲಿಟ್ಟರೆ ತಲೆ, ಕಾಲು ಒಳಗೆಳೆದುಕೊಂಡು ಕಲ್ಲಿನಂತೆ ಕೂತುಬಿಡುತ್ತಿತ್ತು. ಒಂದು ದಿನ ಎತ್ತಿ ಎದೆಗೆ ಅವಚಿಕೊಂಡೆ. ಸ್ವಲ್ಪ ಹೊತ್ತಿಗೆ ತಲೆ ಹೊರಗೆ ಬಂತು. ಆ ಮಂಗಳವಾರ, ಸಣ್ಣ ಕಂಪನವನ್ನೂ ಹಿಡಿಯುವ ಉಗುರಗಲದ ಸೆನ್ಸರೊಂದನ್ನು ಅದರ ಹೊಟ್ಟೆಯ ಚಿಪ್ಪಿಗೆ ಅಂಟಿಸಿ, ಆ ಹೊಟ್ಟೆಯನ್ನು ನನ್ನ ಎದೆಗೆ ಒತ್ತಿಕೊಂಡು, ಪರದೆಯ ಮೇಲೆ ಅಲೆ ಮೂಡುವುದನ್ನು ನೋಡುತ್ತ ಕೂತೆ.

ಇಷ್ಟು ಓದುವಷ್ಟರಲ್ಲಿ ನಿಮಗೆ ಏನು ಹೊಳೆದಿದೆಯೋ ಅದು ನನಗೆ ಹೊಳೆಯಲಿಲ್ಲ. ನನಗೆ ಡಾಕ್ಟರೇಟ್ ಇದೆ.

ಶುಕ್ರವಾರ ನಮ್ಮ ಸಂಸ್ಥೆಯ ವಾರ್ಷಿಕ ಸಭೆ. ಪ್ರತಿ ವರ್ಷ ನನಗೆ ಸಿಗುವುದು ಊಟ ಮುಗಿದ ಮೇಲಿನ ಹೊತ್ತು, ಅಂದರೆ ಅರ್ಧ ಸಭೆ ತೂಕಡಿಸುವ ಹೊತ್ತು. ಈ ಆಮೆಯ ದೆಸೆಯಿಂದ ಬೆಳಗಿನ ಮೊದಲ ಭಾಷಣ ನನ್ನದಾಗುವುದಿತ್ತು. ಮಂಗಳವಾರ ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿದೆ.

"ಬೆಳಿಗ್ಗೇನಾ? ಯಾರು ಕೊಡಿಸಿದ್ರು?"

"ಆಮೆ."

"ಪರವಾಗಿಲ್ವೇ. ಅದಕ್ಕಾದ್ರೂ ನಿಮ್ಮ ಮೇಲೆ ನಂಬಿಕೆ ಬಂತಲ್ಲ. ಶರ್ಟಿನ ಎದೆ ಮೇಲೆ ಅದೇನ್ರೀ ಕಲೆ?"

"ಅದೂ ಆಮೆದೇ."

"ಹಾಗಾದ್ರೆ ಅದು ಹೆದರಿಲ್ಲ ಬಿಡಿ. ಆರಾಮಾಗೇ ಇದೆ."

ನಮ್ಮ ಪ್ರಯೋಗಾಲಯದಲ್ಲಿ ಒಂದು ಕಟ್ಟುಪಾಡಿದೆ: ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಅದೇ ವಿಧಾನದಲ್ಲಿ ಅಳೆಯದೆ ಯಾವ ಅಂಕಿಯೂ ಸಭೆಗೆ ಹೋಗುವಂತಿಲ್ಲ. ಬುಧವಾರ ವಿಭಾಗದ ಮುಖ್ಯಸ್ಥೆ, ನಾವೆಲ್ಲ ಮೇಡಂ ಎನ್ನುವವರು, ತಾವೇ ಬಂದರು. ಸ್ಟೂಲಿನ ಮೇಲೆ ಕೂತು, ನಾನು ತೋರಿಸಿಕೊಟ್ಟಂತೆಯೇ ಆಮೆಯನ್ನು ಎದೆಗೆ ಅವಚಿಕೊಂಡರು. ಪರದೆಯಲ್ಲಿ ಅರವತ್ತನಾಲ್ಕು ಬಂತು. ಗಡಿಯಾರದ ಹಾಗೆ ಒಂದೇ ಸಮ. ಒಂದು ಬಡಿತವೂ ತಪ್ಪಲಿಲ್ಲ.

"ನಿಮ್ಮ ಕೈ ಅದಕ್ಕಿನ್ನೂ ಹೊಸದು, ಮೇಡಂ," ಅಂದೆ.

"ಹೊಸದಾದ್ರೆ ಹೆದರ್ಬೇಕಲ್ರೀ. ಬಡಿತ ಜಾಸ್ತಿ ಆಗ್ಬೇಕು. ಕಡಿಮೆ ಯಾಕಾಯ್ತು?"

"ನೀವು ಶಾಂತ ಸ್ವಭಾವದವರು..."

"ಈ ಸಂಸ್ಥೆಗೆ ಸೇರಿದಾಗಿನಿಂದ ಯಾರೂ ನನಗೆ ಈ ಮಾತು ಹೇಳಿಲ್ಲ." ಆಮೆಯನ್ನು ನನ್ನ ಕೈಗಿತ್ತು ಎದ್ದರು. "ಹಿಡ್ಕೊಂಡಿರಿ, ಬಂದೆ."

ಅವರು ದಡದಡ ಮೆಟ್ಟಿಲಿಳಿದು, ಅಷ್ಟೇ ಬೇಗ ಹತ್ತಿ ಬಂದದ್ದು ಕೇಳಿಸಿತು. ಏದುಸಿರು ಬಿಡುತ್ತಲೇ ಆಮೆಯನ್ನು ಮತ್ತೆ ಎದೆಗೊತ್ತಿಕೊಂಡರು. ಪರದೆಯಲ್ಲಿ ನೂರಹದಿನೆಂಟು.

"ಮೆಟ್ಟಿಲು ಹತ್ತಿದ್ದು ನಾನು," ಅಂದರು, ಉಸಿರು ಸಿಕ್ಕಿದ ಮೇಲೆ. "ಪಾಪ, ಸುಸ್ತಾಗಿದ್ದು ಇದಕ್ಕೆ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇಲಿ, ಮೊಲ, ಕುದುರೆ ಎಲ್ಲವನ್ನೂ ಬಿಟ್ಟು ನಾನು ಮಂಗಳವಾರವಿಡೀ ಅತ್ಯಂತ ಶ್ರದ್ಧೆಯಿಂದ ಅಧ್ಯಯನ ಮಾಡಿದ್ದು ನನ್ನನ್ನೇ. ಮೇಡಂ ನಗುತ್ತಾರೆಂದು ಕಾದೆ. ಅವರು ನಗಲಿಲ್ಲ. ನನ್ನ ಮಂಗಳವಾರದ ಅಲೆಗಳನ್ನು ಪರದೆಯ ಮೇಲೆ ತರಿಸಿ, ಬಗ್ಗಿ ನೋಡುತ್ತಿದ್ದರು.

"ಈ ತಪ್ಪಿದ ಬಡಿತಗಳು ನನ್ನ ಹತ್ರ ಒಂದೂ ಬರ್ಲಿಲ್ಲ."

"ಇಲ್ಲ."

"ಅಂದ್ರೆ ಇವೂ ಆಮೇದಲ್ಲ." ನನ್ನ ಕಡೆ ತಿರುಗಿದರು. "ಶುಕ್ರವಾರ ಊಟ ಆದ್ಮೇಲೆ ನಿಮ್ಮ ಮಾಮೂಲಿ ಹೊತ್ತು ಇದ್ದೇ ಇದೆ. ಈಗ ಹೋಗಿ ಎದೆ ತೋರಿಸ್ಕೊಂಡು ಬನ್ನಿ."

ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಮೆಯ ವಿಷಯಕ್ಕೆ ಮನಸಾರೆ ನಕ್ಕಳು. ಬಡಿತದ ವಿಷಯಕ್ಕೆ ಬಂದಾಗ ನಗು ನಿಂತಿತು.

"ಅದು ನಂಗೆ ಗೊತ್ತು ರೀ. ನಿಮ್ಮೆದೆ ಮೇಲೆ ತಲೆ ಇಟ್ಟಾಗ ಕೇಳ್ಸುತ್ತೆ. ಹೇಳಿದ್ರೆ, ಎಷ್ಟು ಸಲ ಅಳೆದೆ ಅಂತ ಕೇಳಿದ್ರಿ."

"ಎಷ್ಟು ಸಲ ಅಳೆದಿದ್ದೆ?"

"ಸುಮ್ನೆ ಆಸ್ಪತ್ರೆಗೆ ಬನ್ನಿ. ನಾನೂ ಹೊರಟೆ."

ಹೃದಯದ ಡಾಕ್ಟರು ನನಗಿಂತ ಚಿಕ್ಕವರು. ಎದೆಗೆ ತಂತಿ ಅಂಟಿಸಿ ಇ.ಸಿ.ಜಿ. ತೆಗೆದರು. ಇದು ಯಾವಾಗಿಂದ ಎಂದು ಕೇಳಿದ್ದಕ್ಕೆ ನಾನು ತಂದಿದ್ದ ಹಾಳೆಗಳನ್ನು ಮುಂದಿಟ್ಟೆ. ಅವರು ಮೊದಲನೆಯದನ್ನು ಓದಿ, ನನ್ನನ್ನೂ ನನ್ನ ಹೆಂಡತಿಯನ್ನೂ ನೋಡಿದರು.

"ಇದರ ಮೇಲೆ ಆಮೆ ಅಂತಿದೆಯಲ್ಲ?"

"ಅದು ಬಂದ ಕಡೆಯೆಲ್ಲ ನಾನು ಅಂತ ಓದ್ಕೊಳ್ಳಿ, ಡಾಕ್ಟ್ರೇ."

ಅವರು ಹಾಳೆಗಳನ್ನು ಕೊನೆಯವರೆಗೂ ನೋಡಿದರು. ಹೀಗೆ ಬಡಿತ ತಪ್ಪುವುದು ಅಷ್ಟು ಹೆದರುವಂಥದ್ದಲ್ಲ, ಆದರೆ ಯಾಕೆ ತಪ್ಪುತ್ತಿದೆ ಅನ್ನುವುದು ಗೊತ್ತಾಗಬೇಕು ಅಂದರು. ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದರು. ಗಾಳಿ ತುಂಬಿತು, ಇಳಿಯಿತು. ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದರು. ಒಂದೇ ಅಳತೆಯನ್ನು ನಂಬದ ಅವರ ಕ್ರಮ ನನಗೆ ಮೆಚ್ಚುಗೆಯಾಯಿತು. ಹಾಗಂತ ಹೇಳಲು ಬಾಯಿ ತೆರೆದೆ.

"ಮಾತಾಡ್ಬೇಡಿ," ಅಂದಳು ಹೆಂಡತಿ. ಅವಳು ಪಟ್ಟಿಯಿಲ್ಲದ ಕೈಯನ್ನು ಹಿಡಿದುಕೊಂಡಿದ್ದಳು.

120, 80ರ ಆಸುಪಾಸು ಇರಬೇಕಿತ್ತು. ಎರಡೂ ತೋಳಿನಲ್ಲಿ ಬಂದದ್ದು ಒಂದೇ. ಮೇಲಿನದು 172, ಕೆಳಗಿನದು 106.